ಗಾಜುಗಣ್ಣು

ಹ್ಯಾಂಡಲ್ಲಿನ ಬಲಗಡೆ, ಎಂಟಾಣೆ ಅಗಲದ ಕಿಟಕಿ.
ಒಳಗೆ ಮಟ್ಟ ಗೆರೆಗಿಂತ ಕೆಳಗೆ,
ಹಳೆ ಡಿಕಾಕ್ಷನ್ನಿನ ಬಣ್ಣ.
ಅಂಚಿನಿಂದ ಜಿನುಗಿದ್ದು ತಾಗಿದಲ್ಲೆಲ್ಲ
ಮಡ್‌ಗಾರ್ಡಿನ ನೀಲಿ
ಈರುಳ್ಳಿ ಸಿಪ್ಪೆಯಾಗಿ ಏಳುತ್ತಿದೆ.

"ಹೊಸ ಅಸೆಂಬ್ಲಿಗೆ ಎರಡೂವರೆ ಸಾವಿರ"
ಅಂದರು ಜೆ.ಸಿ. ರಸ್ತೆಯಲ್ಲಿ.
ಕಲಾಸಿಪಾಳ್ಯದ ಇಲಿಯಾಸಣ್ಣ ಬೆಲೆ ಹೇಳಲಿಲ್ಲ;
ಬೆರಳಿಗೆ ಹತ್ತಿದ್ದನ್ನು ಮೂಸಿ,
"ಎಷ್ಟು ದಿನದಿಂದ ಅಳ್ತಿದೆ?" ಎಂದ.

ಸಿರಿಂಜಿನಲ್ಲಿ ಆಯಿಲ್ ಹೀರಿದ.
ಸ್ಪಿರಿಟ್ಟಿನಲ್ಲಿ ಒರೆಸಿ, ಊದದೆ ಕಾದ:
ಉಸಿರಲ್ಲೂ ನೀರಿರುತ್ತಂತೆ.
ಎರಡೂ ಟ್ಯೂಬಿನಿಂದ ಅಂಟು, ಕಾಳಷ್ಟು ಕಾಳಷ್ಟೇ,
ಬೆಂಕಿಕಡ್ಡಿಯಲ್ಲಿ ಕಲಸಿ
ಗಾಜಿನ ಸುತ್ತ ಕಾಡಿಗೆ ತೀಡಿದ.

"ಒಣಗ್ಲಿ. ನಾಳೆ ಬನ್ನಿ. ಇವತ್ತು ಬಸ್ಸು."

ಟೌನ್‌ಹಾಲ್ ಸಿಗ್ನಲ್ಲಿನಲ್ಲಿ
ಡ್ರೈವರ್ ಬ್ರೇಕ್ ಒತ್ತಿದಾಗ
ಕಂಬಿ ಹಿಡಿದಿದ್ದ ನನ್ನ ಬಲಗೈ ಬೆರಳು ನಾಲ್ಕೂ
ತಾವಾಗಿ ಬಿಗಿದವು.