ಒಂದೂವರೆ ತಾಸು

ಹಿಟ್ಟಿಗೆ ನಾವು ಏಳು ತಾಸು ಕೊಡ್ತೀವಿ.
ಒದ್ದಿ ಅರಿವಿ ಹೊಚ್ಚಿ, ಗದ್ದಲ ಇಲ್ಲದ ಮೂಲ್ಯಾಗ.
ಮಲಗಿದ್ದಲ್ಲೇ ಅದು ತನ್ನೊಳಗಿನ ಸಕ್ಕರಿ ತಾನ ತಿಂದು
ಉಸುರು ಬಿಟ್ಟು ಉಬ್ಬತೈತಿ.
ನಡುವ ಎಬ್ಬಿಸಿದರ ಪಾವು ಕಲ್ಲು.
ಆಲ್ದೋಣದ ಈ ಭಟ್ಟಿಯಾಗ
ಕಾಯ್ತಾನ್ ಮಾಲಕ ಮೊದಲ ದಿನ ಕಲಿಸಿದ್ದು ಇದು.
ಇಪ್ಪತ್ತೆರಡು ವರ್ಷ ಹಿಟ್ಟಿನ ನಿದ್ದಿ ಕಾದೆ.
ನನ್ನದು ನಾಕು ತಾಸು.

ಒಂಬತ್ತೂವರಿಗೆ ಅಡ್ಡಾದರ
ಒಂದೂವರಿಗೆ ಎದ್ದು ಒಲಿಗೆ ಕಟಗಿ.
ಆರಕ್ಕ ಸೈಕಲ್ಲು, ಬುಟ್ಟಿ, ಪೋಂ ಪೋಂ.
ಮಧ್ಯಾಹ್ನ ಕಣ್ಣು ಎಳದರ ಚಾ,
ಚಾದಾಗ ನಾಕು ಚಮಚಾ.
ಸಂಜಿ ಫೇರಿಗೆ ಚರ್ಚಿನ ಏರು ಹತ್ತೂವಾಗ
ಏನರ ಸಿಹಿ ಬೇಕು ಅಂತ
ನಾಲಗಿ ನಾಯಿ ಹಂಗ ಹಿಂದ ಬರತಿತ್ತು.
ತಿಂದಷ್ಟೂ ಹಸಿವು.
ಬೆಲ್ಟಿಗೆ ಮೊಳಿ ಬಡದು ಇನ್ನೊಂದು ತೂತು ಮಾಡಿದೆ.

ಪಂಚಾಯತಿ ಹಾಲಿನಾಗ ತಪಾಸಣಿ.
ಬರಿಹೊಟ್ಟಿ ಸಕ್ಕರಿ ನೂರಾ ಹದಿನೆಂಟು.
'ಗಡಿ ಮ್ಯಾಲ ನಿಂತಿ ದ್ಯಾಮಣ್ಣ'
ಅಂದಳು ಸಿಸ್ಟರ್ ಎರ್ಮೆಲಿಂದಾ.
ಗಡಿ ಅಂದರ ನನಗ ಗೊತ್ತಿದ್ದದ್ದು ಅನಮೋಡ ನಾಕಾ,
ಬಸ್ಸು ನಿಲ್ಲಿಸಿ ಪೊಲೀಸ ಚೀಲಾ ಮೂಸೂ ಜಾಗಾ.
ಅನ್ನ ಎಷ್ಟು, ಶೆರೆ ಎಷ್ಟು, ಅಪ್ಪಗ ಇತ್ತೇನು,
ಎಲ್ಲಾರೂ ಕೇಳೂವಂಥವು ಮುಗದ ಮ್ಯಾಲ
ಅಕಿ ಕೇಳಿದಳು: ಎಷ್ಟು ತಾಸು ಮಲಗತಿ?
ಬೆರಳು ಎಣಿಸಿದೆ. ಹೆಬ್ಬೆರಳಿಗೆ ಕೆಲಸ ಬರಲಿಲ್ಲ.
ಗುಳಿಗಿ ಕೊಡಲಿಲ್ಲ ಅಕಿ.
ಒಂದೂವರಿ ತಾಸು ಹೆಚ್ಚಿಗಿ ಮಲಗು, ಆರು ವಾರ,
ದಿನಾ ಪುಸ್ತಕದಾಗ ಬರಿ, ಅಂದಳು.
ನಕ್ಕೆ. ಎಣ್ಣಿಚಾಟು ಮಾಡೂ ಅಂಗಡಿಯಾಗ ಸಿಗತೈತೇನ್ರಿ
ಒಂದೂವರಿ ತಾಸು?

ಸಿಕ್ಕಿತು. ಸಾವಿರದ ಐದನೂರು ರೂಪಾಯಿಗೆ.
ತಿಂಗಳಿಗೆ ನನ್ನ ಪಗಾರದಾಗ ಅಷ್ಟು ಮುರಿದು
ಮೊದಲ ಕಲಸೂ ಕೆಲಸ ಲಾಲಸಾಬಗ ಕೊಟ್ಟ ಮಾಲಕ.
ಶಿಗ್ಗಾಂವಿ ಕಡೆ ಹುಡುಗ, ಹತ್ತೊಂಬತ್ತು ಅವಗ.

ಮೊದಲ ವಾರ ಹೊಸ ಚಪ್ಪಲಿ ಹಂಗ ಕಚ್ಚಿತು ನಿದ್ದಿ.
ಒಂದೂವರಿಗೆ ಕಣ್ಣು ತಾನ ಬಿಡತಿತ್ತು,
ಗೋಡಿ ಆಚಿ ಹಿಟ್ಟು ಬಡಿಯೂ ಸಪ್ಪಳ,
ಅಂವ ಉಪ್ಪು ಮರತನೋ ಏನೋ ಅಂತ
ಹಾಸಿಗ್ಯಾಗ ಕೂತು ಕೇಳತಿದ್ದೆ.
ನೀಲವ್ವ ಹೊಳ್ಳಿ ಮಲಗಿ ಅಂದಳು,
ಉಪ್ಪು ಮರತರ ಊರು ಮುಳಗೂದಿಲ್ಲ.

ಯಾವ ದಿನ ಅಂತ ಗೊತ್ತಿಲ್ಲ,
ಮೂರನೇ ವಾರ ಇರಬೇಕು,
ಚರ್ಚಿನ ಏರು ಹತ್ತಿ ಇಳದು
ಪೊರವೊರಿಮ್ ಕಡೆ ಹೋಗೂ ಬಸ್ಸು ನೋಡಕೋತ ನಿಂತಾಗ ನೆನಪಾತು,
ಇವತ್ತು ನಾಯಿ ಬರಲಿಲ್ಲ.
ಕಿಸೆದಾಗ ಚಿಕ್ಕಿ ಹಂಗ ಇತ್ತು, ಕಾಗದ ಸುದ್ದಾ ಬಿಚ್ಚಿರಲಿಲ್ಲ.

ಆರು ವಾರಕ್ಕ ನೂರಾ ಹನ್ನೊಂದು.
ಏಳು ಅಷ್ಟ ಏನ್ರಿ, ಅಂದೆ.
ಹೊಟ್ಟಿ ಇದ್ದಲ್ಲೇ ಐತಿ, ಬೆಲ್ಟು ಅದ ತೂತಿನಾಗ.
ಕುಣೀಬ್ಯಾಡ, ಅಳಬ್ಯಾಡ, ಅಂದಳು ಸಿಸ್ಟರು,
ಒಬ್ಬಾವನ ಏಳು ಅಂದರ ನನಗೂ ಪೂರಾ ತಿಳಿಯೂದಿಲ್ಲ,
ಮಲಗೂದು ಮಾತ್ರ ಬಿಡಬ್ಯಾಡ.
ಅಕಿ ಕಣ್ಣಿನ ಕೆಳಗ ಒಲಿ ಬೂದಿ ಬಣ್ಣ.
ಐದು ರಾತ್ರಿ ಪಾಳಿ ಸತತ ಮಾಡ್ಯಾಳಂತ.

ಮೂರಕ್ಕ ಎದ್ದು ಹೋದರ
ಲಾಲಸಾಬ ಮೈದಾ ಚೀಲಕ್ಕ ಆತು ಕೂತಾನ,
ನನ್ನ ಒಂದೂವರಿ ತಾಸು ಅವನ ಕಣ್ಣಾಗ ಕೆಂಪಗ.
ಮೂಲ್ಯಾಗ ಹಿಟ್ಟು ಉಬ್ಬಿ ಅರಿವಿ ಎತ್ತೇತಿ.
ಹೋಗು, ಆರರ ತನಕ ಅಡ್ಡಾಗು, ಭಟ್ಟಿ ನಾ ನೋಡತೀನಿ, ಅಂದೆ.
ಅಂವ ಮಲಗಲಿಲ್ಲ, ಮೊಬೈಲು ತಗದ.
ಹತ್ತೊಂಬತ್ತು.

ಈಗ ಒಂದು ಮನಿ ಮುಂದ ಹಾರ್ನು ಒತ್ತೂದಿಲ್ಲ.
ಎರ್ಮೆಲಿಂದಾ ರಾತ್ರಿ ಪಾಳಿ ಮುಗಿಸಿ ಬಂದಿರತಾಳ,
ಸೈಕಲ್ಲಿಂದ ಇಳದು, ಚೈನು ಸಪ್ಪಳ ಆಗಧಂಗ ನೂಕಿ,
ನಾಕು ಪೊಯ್ ಗೇಟಿಗೆ ಸಿಗಿಸಿ ಬರತೀನಿ.
ನಿನ್ನೆ ಬೈದಳು.
ಎರಡು ಕಾಗಿ ಒಯ್ದಾವಂತ, ಹಾರ್ನು ಸತ್ತೈತೇನು ನಿಂದು ಅಂತ.
ಬೈಲಿ.
ಗಲ್ಲದ ಮ್ಯಾಲ ತೆಲಿದಿಂಬಿನ ಗೆರಿ ಮೂಡಿತ್ತು.