ತೊಟ್ಟು ಸಮೇತ

ಸಂತೆಪೇಟೆಯಲ್ಲಿ ಹೂವಿಗೆ ತೊಟ್ಟಿಲ್ಲ.
ಭರಮಸಾಗರದ ಓಬಳೇಶ ಚೀಲ ಸುರಿದರೆ
ಬರೀ ತಲೆಗಳು: ಹಳದಿ, ಬಿಳಿ, ಕುಂಕುಮಗೆಂಪು.
ನಾನು ಕಟ್ಟುತ್ತೇನೆ, ಒಂದಕ್ಕೊಂದು ಒತ್ತಿ.
ನಡುವೆ ದಾರ ಕಂಡರೆ ಗಿರಾಕಿ ಬಿಡುವುದಿಲ್ಲ:
‘ಏನಪ್ಪಾ ತಿಪ್ಪೇಶ, ಗಾಳಿ ಕಟ್ಟಿ ಮಾರ್ತೀಯಾ?’

ಅಪ್ಪನ ಕೈ ಉದ್ದ ಇತ್ತು. ಅವನ ಮಾರು ಎಂದರೆ
ದುರ್ಗದಲ್ಲಿ ಹೆಸರು. ನನ್ನದು ಎರಡು ಬೆರಳು ಕಡಿಮೆ;
ಅದಕ್ಕೇ ಎದೆ ಉಬ್ಬಿಸಿ ಅಳೆಯುತ್ತೇನೆ.

ಮಹಾನವಮಿಗೆ ಹದಿನೈದು ದಿನ ಇರುವಾಗ ಬಂದರು
ಕುಮುದಿನಿ ಟೀಚರ್. ಹೆಣ್ಣುಮಕ್ಕಳ ಹೈಸ್ಕೂಲಲ್ಲಿ
ಡ್ರಾಯಿಂಗ್ ಕಲಿಸಿ ರಿಟೈರಾದವರು.
‘ಸೇವಂತಿಗೆ ಬೇಕು. ಮೂರು.’
ಮೂರು ಮಾರಾ?
‘ಮೂರು ಹೂ. ತೊಟ್ಟು ಸಮೇತ. ಒಂದು ಸೊಟ್ಟಗಿರಲಿ,
ಒಂದು ಇನ್ನೂ ಬಿಚ್ಚದೆ ಇರಲಿ.’

ಬೋಣಿಯ ಹೊತ್ತು. ನಾನು ಏನೂ ಅನ್ನಲಿಲ್ಲ.
ಓಬಳೇಶನಿಗೆ ಹೇಳಿದೆ; ಅವನು ನಕ್ಕ:
‘ಬೇರು ಬೇಡ್ವಂತಾ?’

ಹೂ ತಲುಪಿಸಲು ಹೋದಾಗ ನೋಡಿದೆ.
ಮೇಜಿನ ಮೇಲೆ ಕಪ್ಪು ತಟ್ಟೆ, ಒಂದು ಬೆರಳು ನೀರು,
ಒಳಗೆ ಮೊಳೆಗಳ ಹಾಸಿಗೆ,
ಹೊಳಲ್ಕೆರೆ ರಸ್ತೆಯ ವೆಲ್ಡಿಂಗ್ ಅಂಗಡಿಯಲ್ಲಿ
ತಾವೇ ನಿಂತು ಮಾಡಿಸಿದ್ದಂತೆ.
ಮೊಳೆಯ ಮೇಲೆ ಹೂ ನಿಲ್ಲಿಸಿದರು.
ನನ್ನ ಅಂಗೈ ಚುರುಕ್ ಅಂದಿತು.

‘ಇದು ಜಪಾನಿನವರ ವಿದ್ಯೆ, ಇಕೆಬಾನಾ.’
ನನಗೆ ಕೇಳಿಸಿದ್ದು ‘ಈಕೆ ಬಾನ’.
ಬಾನ ಎಂದರೆ ನಮ್ಮ ಮನೆಯಲ್ಲಿ ಅನ್ನ,
ಎಡೆಗಿಡುವ ಬಿಳಿ ಅನ್ನ. ಈಕೆ ಯಾರಿಗೆ ಎಡೆ ಇಡುತ್ತಿದ್ದಾರೆ?
ಕೇಳಿಯೇಬಿಟ್ಟೆ. ತುಂಬ ನಕ್ಕರು. ಆಮೇಲೆ
ನಗು ನಿಲ್ಲಿಸಿ, ಎತ್ತರದ ಕೊಂಬೆ ತೋರಿಸಿ
‘ಇದು ಬಾನೇ’ ಅಂದರು.
ನಡುವಿನದು ಮನುಷ್ಯ. ಕೆಳಗೆ ಬಾಗಿದ್ದು ನೆಲ.

‘ಅಲ್ಲಿ ಈ ಕಾಲಕ್ಕೆ ಕಾಡೆಲ್ಲ ಕೆಂಪಾಗುತ್ತೆ ತಿಪ್ಪೇಶ.’
ನಮ್ಮಲ್ಲಿ ಎಲೆಗೆ ಅಷ್ಟು ಪುರುಸೊತ್ತಿಲ್ಲ,
ಹಸಿರಿನಿಂದ ನೇರ ಧೂಳಿಗೆ ಇಳಿಯುತ್ತದೆ.
ಆದರೂ ಕೊಂಬೆ ನಮ್ಮದೇ:
ಜೋಗಿಮಟ್ಟಿ ಬುಡದ ತಂಗಡಿ, ಕಾಯಿ ಒಣಗಿ
ಮುಟ್ಟಿದರೆ ಗಿಲಕಿಯ ಸದ್ದು.
ಪಕ್ಕಕ್ಕೆ ಬಾದೆ ಹುಲ್ಲಿನ ಒಂದು ಕಡ್ಡಿ.
ಸೀತಾಫಲದ ಎಲೆ, ಹುಳು ತಿಂದ ತೂತು ಸಹಿತ.

‘ಇಲ್ಲೊಂದು ಹೂ ಹಿಡಿಸುತ್ತಲ್ಲ ಟೀಚರ್?’
ಎಡಗಡೆಯ ಖಾಲಿ ಜಾಗಕ್ಕೆ ಬೆರಳು ಮಾಡಿದೆ.
‘ಅಲ್ಲಿ ಗಾಳಿ ಇದೆ’ ಅಂದರು.

ಗಾಳಿ ಕಟ್ಟಿ ಮಾರ್ತೀಯಾ ಅನ್ನಿಸಿಕೊಂಡವನು
ಸುಮ್ಮನೆ ಇಪ್ಪತ್ತು ರೂಪಾಯಿ ಇಸ್ಕೊಂಡು ಬಂದೆ.

ಆಯುಧಪೂಜೆ. ಲಾರಿ, ಟ್ರ್ಯಾಕ್ಟರ್, ಜೆಸಿಬಿಯ ಹಲ್ಲಿಗೂ ಹಾರ.
ಎರಡು ರಾತ್ರಿ ನಿದ್ದೆಯಿಲ್ಲ, ಬೆರಳ ಸಂದಿಯಲ್ಲಿ ದಾರದ ಗಾಯ.
ಮೂರನೇ ದಿನ ದರ ಬಿತ್ತು.
ಚೆಂಡುಹೂ ಕೇಳುವವರಿಲ್ಲ; ಮೊಣಕಾಲುದ್ದ ರಾಶಿ
ಒಳಗಿಂದ ಬಿಸಿಯಾಗಿ, ಹಬೆಯಾಡಿ,
ಬೀದಿ ದನವೂ ಮೂಸಿ ಮುಖ ತಿರುಗಿಸಿತು.

ಆ ರಾಶಿ ಬಳಿಯುವಾಗ ಸಿಕ್ಕಿತು ಒಂದು ಸೇವಂತಿಗೆ,
ತಪ್ಪಿ ತೊಟ್ಟು ಸಮೇತ ಬಂದದ್ದು. ಸೊಟ್ಟ.
ಟೀ ಲೋಟದ ತಳಕ್ಕೆ ಜಲ್ಲಿಕಲ್ಲು ಹಾಕಿ ನಿಲ್ಲಿಸಿದೆ.
ಬಿತ್ತು. ಮತ್ತೆ ನಿಲ್ಲಿಸಿದೆ. ಹಿಂದೆ
ಪೊರಕೆಯಿಂದ ಒಂದು ಕಡ್ಡಿ ಎಳೆದು ಚುಚ್ಚಿದೆ: ಬಾನು.
ನೆಲಕ್ಕೆ ಏನಿಡಲಿ? ತಿಳಿಯಲಿಲ್ಲ. ನೆಲ ಇತ್ತಲ್ಲ.

ಓಬಳೇಶ ಬಂದ, ಲೆಕ್ಕ ಕೇಳಲು. ‘ಇದೇನು?’
‘ಬಾನ’ ಅಂದೆ.
‘ನಂದು ಉಂಡಾಯ್ತು’ ಅಂದು
ತನ್ನ ಬಾಕಿ ಎಣಿಸಿಕೊಂಡ.

ಮಧ್ಯಾಹ್ನ ಕೋಟೆ ಕಡೆಯಿಂದ ಗಾಳಿ ಎದ್ದಿತು.
ಒಂದು ಎಸಳು ಉದುರಿ ತಕ್ಕಡಿ ತಟ್ಟೆಗೆ.
ಮುಳ್ಳು ಅಲುಗಲಿಲ್ಲ.
ಒರೆಸುವ ಬಟ್ಟೆ ಕೈಯಲ್ಲೇ ಇತ್ತು.
ಯಾರೋ ಕೂಗಿದರು, ‘ಉಳಿದ ಸೇವಂತಿಗೆ ಮಾರಿಗೆಷ್ಟು?’
ಹೇಳಿದೆ. ಅಳೆಯಲು ಎದ್ದೆ.
ಕೈ ಚಾಚುವಾಗ ಲೋಟಕ್ಕೆ ತಾಗದ ಹಾಗೆ
ಒಂದಿಷ್ಟು ಆಚೆಗೆ ನಿಂತೆ.