ಬಣ್ಣ ಹಚ್ಚದ ಚಂದ್ರ

ಬೆಟಗೇರಿ ಮಗ್ಗದಿಂದ ಬಂದ ಪಟ್ಟಿಗಳನ್ನ
ಉದ್ದಕ್ಕ ಜೋಡಿಸಿ ಹೊಲಿದು
ಗದಗ ಸ್ಟೇಶನ್ನಿನ ಹಿಂದ, ಅರಳಿ ಗಿರಣಿಯ ಖಾಲಿ ಗೋದಾಮಿನ್ಯಾಗ
ನೆಲಕ್ಕ ಹಾಸಿದಾಗ
ಅದು ಇನ್ನೂ ಏನೂ ಆಗಿರಲಿಲ್ಲ.
ಅರಮನಿ ಅಲ್ಲ, ಅಡವಿ ಅಲ್ಲ.
ಗಿರಣಿಯ ಅರಳಿ ಎಳಿ ಹಾರಿ ಬಂದು ಅದರ ಮ್ಯಾಲೆ ಕೂಡತಿದ್ದವು,
ತವರಿಗೆ ಬಂದಂಗ.

ದಾವಲಸಾಬರು ಚಪ್ಪಲಿ ಬಿಟ್ಟು ಒಳಗ ಬರತಿದ್ದರು.
ಹುಣಸಿಬೀಜದ ಅಂಟು ಕುದಿಸೋದು ನನ್ನ ಪಾಳಿ,
ನೀಲಿ ಅರೆಯೋದು, ಸುಣ್ಣ ಸೋಸೋದು,
ಬೈಸಿಕೊಳ್ಳೋದು.
ಬಿದಿರಿಗೆ ಕಟ್ಟಿದ ಕುಂಚ ಹಿಡಿದು ಅವರು
ಆಕಾಶದ ಮ್ಯಾಲೆ ಬರಿಗಾಲಿಲೆ ನಡೀತಿದ್ದರು,
ಹಿಂದ ಹಿಂದ ಸರಕೊಂತ,
ನೆಲ ಸಾರಿಸೋ ಹೆಂಗಸಿನಂಗ.

ಒಂದಿನ ಹಸಿ ಆಕಾಶದಾಗ ನಾ ಕಾಲಿಟ್ಟೆ.
ಐದು ಬೆರಳು, ಒಂದು ಹಿಮ್ಮಡ, ಸ್ಪಷ್ಟ.
ಹೊಡೀತಾರ ಅಂತ ಕಣ್ಣು ಮುಚ್ಚಿದೆ.
ಅವರು ಸುಣ್ಣದ ಬಟ್ಟಲ ತಗೊಂಡು
ಬೆರಳಿಗೊಂದು ಜೋಡಿ ರೆಕ್ಕಿ ಎಳೆದರು:
ಐದು ಕೊಕ್ಕರಿ, ಹಿಂದೊಂದು ಮೋಡ.
"ಇನ್ನೊಮ್ಮೆ ಇಡಬ್ಯಾಡ.
ಕೊಕ್ಕರಿ ಹೆಚ್ಚಾದರ ಕೆರಿ ಬರೀಬೇಕಾಕ್ಕೈತಿ."

ಅಡವಿ ಸೀನಿನ ನಡುವ, ಆಲದ ಮರದ ನೆತ್ತಿಗೆ
ಗಂಗಾಳದಷ್ಟು ಜಾಗ ಹಂಗ ಬಿಟ್ಟರು.
ಬಿಳಿ ಮುಗದೈತಿ ಅಂದರು ಮಾಲಕರಿಗೆ.
ಮುಗದಿರಲಿಲ್ಲ. ಡಬ್ಬಿ ನನ್ನ ಕೈಯಾಗಿತ್ತು.

ಆಟದ ರಾತ್ರಿ ಗ್ಯಾಸಬತ್ತಿ ಮರೀಮಾಡಿ
ನನ್ನ ಪಡದೆಯ ಹಿಂದ ನಿಲ್ಲಿಸಿ ಕಂದೀಲು ಕೊಟ್ಟರು:
"ಎತ್ತಿ ಹಿಡಿ. ಇನ್ನ ನೀನ ಹುಣ್ಣಿವಿ."

ಹನ್ನೊಂದು ವರ್ಷ ನಾ ಆ ನಾಟಕ ನೋಡಲಿಲ್ಲ.
ನೋಡಿದ್ದು ಅದರ ಬೆನ್ನು:
ಹೊಲಿಗಿಯ ಗಂಟು, ಈಚೆ ಇಣುಕಿದ ಕೆಮ್ಮಣ್ಣು,
ಎಡದ ಟೊಂಗಿ ಬಲಕ್ಕಾದ ಮರ.
ಎಳಿ ಸಂದಿಯೊಳಗ ಒಮ್ಮೊಮ್ಮೆ
ತುಂಗಾಬಾಯಿಯ ತುರುಬು.

ಅಗಲಿಕೆಯ ಪದಕ್ಕ ಆಕಿ ಆಲಾಪ ಎತ್ತಿದರ
ಮುಗಿಸೋದು ಆಕಿ ಕೈಯಾಗೂ ಇರಲಿಲ್ಲ.
ಹತ್ತಿ ದಲಾಲರು 'ಒನ್ಸ್ ಮೋರ್' ಕೂಗಿದರಂತೂ
ನನ್ನ ರಟ್ಟಿ ಕಲ್ಲಾಗಿ, ಕಂದೀಲು ನಡುಗಿ,
ಅಡವಿ ಮ್ಯಾಲಿನ ಚಂದ್ರ ನಡುಗತಿದ್ದ.
ಮಂದಿ ಅಂತಿದ್ದರಂತ:
"ನೋಡ್ರಿ, ಆಕಿ ಸಂಕಟ ಚಂದ್ರಗೂ ಮುಟ್ಟೈತಿ."
ಸೀಮೆಎಣ್ಣಿ ಮೊಣಕೈತನಕ ಇಳೀತಿತ್ತು ನನಗ.

ಆಮ್ಯಾಲೆ ಕರೆಂಟು ಬಂತು.
ಎದುರಿನ ಬಲ್ಬಿಗೆ ಆ ಬೋಳು ಜಾಗ
ಹುಳಕಡ್ಡಿಯಂಗ ಕಂಡಿತು.
ಮಾಲಕರು ಹೇಳಿದರು, ದಾವಲಸಾಬರು
ಒಂದ ಮಾತು ಆಡದ ಬಿಳಿ ಹಚ್ಚಿದರು,
ಕೈವಾರದಾಗ ತೆಗದಷ್ಟು ದುಂಡಗ.

ಅವತ್ತು ನನಗ ಕೆಲಸಿಲ್ಲ.
ಮೊದಲನೇ ಸಲ ಮುಂದ ಕುಂತೆ, ನೆಲದ ಕ್ಲಾಸಿನ್ಯಾಗ.
ಅಡವಿ ಎಷ್ಟು ಚಂದಿತ್ತು!
ಕೊಕ್ಕರಿ ಅಲ್ಲೇ ಇದ್ದವು, ನನ್ನ ಒಂಬತ್ತು ವರ್ಷದ ಕಾಲು,
ಎಲ್ಲಿಗೂ ಹೋಗದ ಹಾರತಿದ್ದವು.
ಆಕಿ ಆಲಾಪ ಎತ್ತಿದಳು.
ನನ್ನ ಬಲಗೈ ತಾನ ಮ್ಯಾಲೆ ಹೋತು.
ಹಿಂದ ಕುಂತವ ಬೈದ: "ಕೈ ಇಳಸೋ, ಕಾಣವಲ್ದು."

ಚಂದ್ರ ಅಲುಗಲಿಲ್ಲ.
ಪದ ಅರ್ಧಕ್ಕ ಬಂದಾಗ ತುಂಗಾಬಾಯಿ,
ಎಂದೂ ಮಂದಿಗೆ ಬೆನ್ನು ತೋರಿಸದಾಕಿ,
ಒಮ್ಮೆ ಹಿಂದ ಹೊರಳಿ ನೋಡಿದಳು.

ಮರುದಿನ ನಳದ ಹಂತೇಲಿ, ಕೊಡ ತುಂಬೂತನಕ
ಸುಮ್ಮನ ನಿಂತು, ಆಮ್ಯಾಲೆ ಕೇಳಿದಳು:
"ಯಾಕೋ ಗುರುಪಾದ,
ನಿನ್ನೆ ಆರಾಮಿರಲಿಲ್ಲೇನು?"